49ರ ವಯಸ್ಸಿನಲ್ಲಿ ಜರ್ಮನ್ ತರಗತಿಗೆ ಸೇರಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೀಗ 49 ವರ್ಷ. ಪದವಿ ಮುಗಿಸಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಸೇರಿದ ಮೇಲೆ ವಿದ್ಯಾರ್ಥಿನಿಯಾಗಿ ಯಾವ ತರಗತಿಯಲ್ಲೂ ಕುಳಿತವಳಲ್ಲ. ಜರ್ಮನ್ ಕಲಿಯಬೇಕೆಂಬ ಆಸೆ ಕಾಲೇಜಿನ ದಿನಗಳಿಂದಲೂ ಇತ್ತು. ಉದ್ಯೋಗ, ಸಂಸಾರ, ಮಕ್ಕಳ ಓದು ಎಂದು ಒಂದರ ಹಿಂದೊಂದು ಹೊಣೆ ಬಂದಂತೆಲ್ಲ ಅದು ಹಿಂದೆ ಸರಿಯುತ್ತಲೇ ಹೋಯಿತು. ಈಗ ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದಾರೆ, ಸಂಜೆಯ ಹೊತ್ತು ನನ್ನದಾಗಿ ಉಳಿಯುತ್ತಿದೆ. ಭಾಷಾ ಶಾಲೆಯೊಂದರಲ್ಲಿ ವಾರಕ್ಕೆ ಎರಡು ಸಂಜೆ ನಡೆಯುವ ಆರಂಭಿಕ ಬ್ಯಾಚಿಗೆ ಸೇರೋಣವೆಂದು ಅರ್ಜಿಯನ್ನೂ ತಂದಿಟ್ಟುಕೊಂಡಿದ್ದೇನೆ, ಆದರೆ ತುಂಬಿ ಕೊಡಲು ಮನಸ್ಸು ಹಿಂಜರಿಯುತ್ತಿದೆ.

ಈ ಕಲಿಕೆಯಿಂದ ನನಗೆ ಬಡ್ತಿಯಾಗಲಿ ಹೊಸ ಕೆಲಸವಾಗಲಿ ಸಿಗಬೇಕಾಗಿಲ್ಲ. ಜರ್ಮನ್ ಪುಸ್ತಕವೊಂದನ್ನು ಅನುವಾದದ ನೆರವಿಲ್ಲದೆ ಓದಬೇಕು, ಆ ಭಾಷೆಯನ್ನಾಡುವವರ ಜೊತೆ ತಡವರಿಸಿಯಾದರೂ ನೇರವಾಗಿ ಮಾತನಾಡಬೇಕು, ಇಷ್ಟೇ ನನ್ನ ಗುರಿ.

ನನ್ನನ್ನು ಕಾಡುತ್ತಿರುವ ಅನುಮಾನಗಳನ್ನು ನೇರವಾಗಿಯೇ ಹೇಳುತ್ತೇನೆ. ಒಂದು ವಯಸ್ಸು ದಾಟಿದ ಮೇಲೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲ, ಭಾಷೆ ಕಲಿಯುವುದೇನಿದ್ದರೂ ಮಕ್ಕಳ ಕೆಲಸ ಎಂದು ಸುತ್ತಲಿನವರು ಹೇಳುತ್ತಾರೆ, ಅದು ನಿಜವೇ? ಮೊಬೈಲ್ ಆ್ಯಪ್‌ನಲ್ಲಿ ಕೆಲವು ಪದಗಳನ್ನು ಕಲಿಯಲು ತೊಡಗಿದ್ದೇನೆ, ನಿನ್ನೆ ಕಲಿತದ್ದು ಇಂದು ನೆನಪಿಗೆ ಬರುವುದಿಲ್ಲ. ತರಗತಿಯಲ್ಲಿ ಬಹುಪಾಲು ಜನ ಇಪ್ಪತ್ತರ ಆಸುಪಾಸಿನವರಿರುತ್ತಾರಂತೆ. ಅವರ ನಡುವೆ ಕುಳಿತು ತಪ್ಪು ತಪ್ಪಾಗಿ ಉಚ್ಚರಿಸುವುದನ್ನು ನೆನೆದರೆ ಈಗಲೇ ಸಂಕೋಚವಾಗುತ್ತದೆ. ಕೊನೆಯದಾಗಿ, ಇಷ್ಟೆಲ್ಲ ಸೌಲಭ್ಯಗಳಿರುವ ಕಾಲದಲ್ಲಿ ಶಾಲೆಗೇ ಹೋಗಬೇಕೇ, ಮನೆಯಲ್ಲಿ ಕುಳಿತೇ ಕಲಿಯಬಾರದೇ? ಈ ದಾರಿಯಲ್ಲಿ ನಡೆದವರು, ಕಲಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಜರ್ಮನ್ ಶಿಕ್ಷಕಿ)

ನಮಸ್ಕಾರ ಮೇಡಂ. ವಯಸ್ಕರ ಸಂಜೆ ತರಗತಿಗಳಿಗೆ ಜರ್ಮನ್ ಕಲಿಸುವುದು ನನ್ನ ವೃತ್ತಿ. ನಿಮ್ಮ ಮೊದಲ ಎರಡು ಪ್ರಶ್ನೆಗಳು ಪ್ರತಿ ಹೊಸ ಬ್ಯಾಚಿನಲ್ಲೂ ಒಬ್ಬರಲ್ಲ ಒಬ್ಬರ ಬಾಯಿಂದ ಬಂದೇ ಬರುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಭಾಷೆಯ ಕಲಿಕೆಗೆ ಒಂದು ನಿರ್ಣಾಯಕ ವಯಸ್ಸಿದೆ, ಹರೆಯಕ್ಕೆ ಕಾಲಿಡುವ ಹೊತ್ತಿಗೆ ಅದು ಮುಗಿಯುತ್ತದೆ ಎಂಬ ವಾದವನ್ನು 1967ರಲ್ಲಿ ಎರಿಕ್ ಲೆನ್ನೆಬರ್ಗ್ ಮುಂದಿಟ್ಟರು. ಜನಜನಿತವಾಗಿರುವ ಮಾತಿನ ಮೂಲ ಬಹಳ ಮಟ್ಟಿಗೆ ಅದೇ. ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣ ಜ್ಞಾನವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನವು ವ್ಯಾಕರಣವನ್ನು ಗ್ರಹಿಸುವ ಸಾಮರ್ಥ್ಯ 17 ವರ್ಷದವರೆಗೂ ಹೆಚ್ಚು ಕುಂದದೆ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ ಎಂದು ಹೇಳಿತು. ಇವುಗಳನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕು. ಆ ಅಧ್ಯಯನ ಅಳೆದದ್ದು ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಸೂಕ್ಷ್ಮಜ್ಞಾನವನ್ನು ಕಲಿಯುವವರು ಎಷ್ಟರ ಮಟ್ಟಿಗೆ ತಲುಪಬಲ್ಲರು ಎಂಬುದನ್ನು. ಒಂದು ಪುಸ್ತಕ ಓದಿ ಅರ್ಥಮಾಡಿಕೊಳ್ಳುವುದಕ್ಕೆ, ಎದುರಿಗಿರುವವರೊಡನೆ ಮಾತನಾಡುವುದಕ್ಕೆ ಅಂಥ ಪರಿಪೂರ್ಣತೆ ಬೇಕಾಗಿಲ್ಲ. ನಿಮ್ಮ ಗುರಿ ಅದೂ ಅಲ್ಲ.

ನೆದರ್ಲೆಂಡ್ಸ್‌ಗೆ ಬಂದು ನೆಲೆಸಿದ ಇಂಗ್ಲಿಷ್ ಮಾತೃಭಾಷೆಯ ಕುಟುಂಬಗಳು ಡಚ್ ಕಲಿತ ಬಗೆಯನ್ನು ಕ್ಯಾಥರೀನ್ ಸ್ನೋ ಮತ್ತು ಅವರ ಸಹೋದ್ಯೋಗಿ ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದ ಫಲಿತಾಂಶ ಇದರಷ್ಟು ಪ್ರಚಾರ ಪಡೆಯಲಿಲ್ಲ. ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ಮುಂದಿದ್ದವರು ಹದಿಹರೆಯದವರು ಮತ್ತು ವಯಸ್ಕರು. ತೀರ ಹಿಂದಿದ್ದವರು ಮೂರರಿಂದ ಐದು ವರ್ಷದ ಪುಟ್ಟ ಮಕ್ಕಳು. ಕಾಲ ಕಳೆದಂತೆ ಮಕ್ಕಳು ಸಮಕ್ಕೆ ಬಂದರು ಎಂಬುದೂ ನಿಜ. ಆದರೆ ಆರಂಭದಲ್ಲಿ ದೊಡ್ಡವರಿಗಿದ್ದ ಅನುಕೂಲ ನಿಮಗೂ ಇದೆ. ಕರ್ತೃ, ಕರ್ಮ, ವಿಭಕ್ತಿ ಎಂದರೇನೆಂದು ನಿಮಗೆ ಗೊತ್ತು, ಓದು ಬರಹ ಬಲ್ಲಿರಿ, ಅರ್ಥವಾಗದಿದ್ದರೆ ಏನು ಅರ್ಥವಾಗಲಿಲ್ಲ ಎಂದು ಬಿಡಿಸಿ ಕೇಳಬಲ್ಲಿರಿ. ಐದು ವರ್ಷದ ಮಗುವಿಗೆ ಇದಾವುದೂ ಸಾಧ್ಯವಿಲ್ಲ.

ಇನ್ನು ನೆನಪಿನ ವಿಷಯ. ವಯಸ್ಸಾದಂತೆ ಹೊಸದನ್ನು ಗ್ರಹಿಸುವ ವೇಗ ತುಸು ಕಡಿಮೆಯಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿನ್ನೆಯ ಪದ ಇಂದು ಮರೆತುಹೋಗುವುದಕ್ಕೆ ನಿಮ್ಮ ವಯಸ್ಸನ್ನು ದೂರಬೇಡಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಒಂದೇ ದಿನದೊಳಗೆ ಜಾರಿಹೋಗುತ್ತದೆ ಎಂದು ಅವನು ಕಂಡುಕೊಂಡಾಗ ಅವನಿಗೆ ಮೂವತ್ತರ ಆಸುಪಾಸಿನ ವಯಸ್ಸು. ಒಮ್ಮೆ ಕಲಿತು ಬಿಟ್ಟ ಪದವನ್ನು ಇಪ್ಪತ್ತರವರೂ ಮರೆಯುತ್ತಾರೆ, ನನ್ನ ತರಗತಿಯಲ್ಲಿ ದಿನವೂ ಅದನ್ನು ನೋಡುತ್ತೇನೆ. ಮರೆವಿಗೆ ಮದ್ದೆಂದರೆ ಅಂತರ ಕೊಟ್ಟು ಮರುಕಳಿಸುವುದು, ಅದರಲ್ಲೂ ಪುಸ್ತಕ ಮುಚ್ಚಿಟ್ಟು ನೆನಪಿಸಿಕೊಳ್ಳುವುದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ ನೋಡದೆ ನೆನಪಿಸಿಕೊಂಡವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದೆ ಹಾಕಿದ್ದರು.

ಇದನ್ನು ಜರ್ಮನ್‌ಗೆ ಹೊಂದಿಸಿ ಹೇಳುತ್ತೇನೆ. ಜರ್ಮನ್‌ನಲ್ಲಿ ವಸ್ತುಗಳಿಗೂ ಲಿಂಗವಿದೆ. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕಲಿಂಗ. ಅರ್ಥವನ್ನು ನೋಡಿ ಲಿಂಗವನ್ನು ಊಹಿಸಲಾಗದು. ಆದ್ದರಿಂದ ಚಿಕ್ಕ ಕಾರ್ಡಿನ ಒಂದು ಬದಿಗೆ ಕನ್ನಡ ಪದ, ಇನ್ನೊಂದು ಬದಿಗೆ ಲಿಂಗಸೂಚಕವಾದ ದೇರ್, ದೀ, ದಾಸ್‌ಗಳಲ್ಲಿ ಒಂದನ್ನು ಸೇರಿಸಿಯೇ ಜರ್ಮನ್ ಪದವನ್ನೂ ಅದರ ಬಹುವಚನವನ್ನೂ ಬರೆಯಿರಿ. ಕನ್ನಡದ ಬದಿ ನೋಡಿ ಜರ್ಮನ್ ಪದವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ತಿರುಗಿಸಿ ನೋಡಿ. ನೆನಪಾದ ಕಾರ್ಡು ಮೂರು ದಿನ ಬಿಟ್ಟು ಬರಲಿ, ಆಗಲೂ ನೆನಪಾದರೆ ವಾರ ಬಿಟ್ಟು, ಮರೆತದ್ದು ನಾಳೆಯೇ ಬರಲಿ. ಆಂಕಿ ಎಂಬ ತಂತ್ರಾಂಶ ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ, ಆದರೆ ಕೈಯಾರೆ ಬರೆದ ಕಾರ್ಡುಗಳೇ ಇಷ್ಟವೆನ್ನುವವರನ್ನು ನಾನು ತಡೆಯುವುದಿಲ್ಲ. ಉಂಗ್, ಹೈಟ್, ಕೈಟ್ ಎಂದು ಕೊನೆಗೊಳ್ಳುವ ಭಾವನಾಮಗಳೆಲ್ಲ ಸ್ತ್ರೀಲಿಂಗ ಎಂಬಂಥ ಕೆಲವು ಗುರುತುಗಳು ಮುಂದೆ ಸಿಗುತ್ತವೆ, ಆಗ ಹೊರೆ ಹಗುರವಾಗುತ್ತದೆ.

ನನ್ನ ದೃಷ್ಟಿಯಲ್ಲಿ ವಯಸ್ಸಿಗಿಂತ ಮುಖ್ಯವಾದದ್ದು ಸಮಯದ ಲೆಕ್ಕ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಜರ್ಮನಿಯ ಸಂಸ್ಥೆಯಾದ ಗೋಥೆ ಇನ್‌ಸ್ಟಿಟ್ಯೂಟ್ ಹೇಳುವಂತೆ, ಯುರೋಪಿನ ಭಾಷಾ ಮಟ್ಟಗಳಲ್ಲಿ ಮೊದಲನೆಯದಾದ ಎ1 ಹಂತ ಮುಟ್ಟಲು 45 ನಿಮಿಷದ 80ರಿಂದ 200 ಪಾಠಗಳು ಬೇಕು. ಎ2 ದಾಟಿದ ಮೇಲೆ ಬರುವ ಮೂರನೆಯದಾದ ಬಿ1 ಹಂತಕ್ಕೆ, ಮೊದಲಿನಿಂದ ಲೆಕ್ಕ ಹಾಕಿದರೆ, 350ರಿಂದ 650. ವಾರಕ್ಕೆ ಎರಡು ಸಂಜೆ, ಸಂಜೆಗೆ ಇಂಥ ಎರಡು ಪಾಠ ಎಂದಿಟ್ಟುಕೊಂಡರೆ ಎ1 ಮುಗಿಯಲು ಬೇಗವೆಂದರೂ 20 ವಾರ, ನಿಧಾನವಾದರೆ 50 ವಾರ ಬೇಕು. ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಬಲ್ಲ ವಯಸ್ಕರಿಗೆ ಜರ್ಮನ್‌ನಲ್ಲಿ ಕಚೇರಿ ಕೆಲಸ ನಡೆಸುವಷ್ಟು ಹಿಡಿತ ಬರಲು ಸುಮಾರು 900 ತರಗತಿ ಗಂಟೆಗಳನ್ನು ಅಂದಾಜು ಮಾಡುತ್ತದೆ, ಅದೂ 36 ವಾರ ಪೂರ್ಣಾವಧಿ ಕಲಿಸಿ. ಆರು ತಿಂಗಳು ಸಂಜೆ ತರಗತಿಗೆ ಬಂದು "ಇನ್ನೂ ಸಿನಿಮಾ ಅರ್ಥವಾಗುತ್ತಿಲ್ಲ, ವಯಸ್ಸಾಯಿತು" ಎಂದು ಬಿಟ್ಟುಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಅವರು ಹಿಂದೆ ಬಿದ್ದಿರುವುದೇ ಇಲ್ಲ, ಆ ಗಂಟೆಗಳಿಗೆ ಬರಬೇಕಾದಷ್ಟು ಬಂದೇ ಇರುತ್ತದೆ. ಎರಡು ವರ್ಷದ ಕೆಲಸವೆಂದು ತಿಳಿದು ಸೇರಿ.

ಉತ್ತರ 2 (ಜಪಾನಿ ಕಲಿಯುತ್ತಿರುವವರು)

ನಾನು ಶಿಕ್ಷಕನಲ್ಲ. ಐವತ್ತು ದಾಟಿದ ಮೇಲೆ ಜಪಾನಿ ಭಾಷೆಯ ತರಗತಿಗೆ ಸೇರಿದವನು, ಈಗಲೂ ಹೋಗುತ್ತಿದ್ದೇನೆ. ಆದ್ದರಿಂದ ಕಿರಿಯರ ನಡುವೆ ಕುಳಿತುಕೊಳ್ಳುವ ಸಂಕೋಚದ ಬಗ್ಗೆ ಮಾತ್ರ ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ.

ಈಗಿನ ಭಾಷಾ ತರಗತಿ ನಾವು ಓದಿದ ಕಾಲದ ತರಗತಿಯಂತಿಲ್ಲ. ಶಿಕ್ಷಕರು ಮುಂದೆ ನಿಂತು ಹೇಳಿದ್ದನ್ನು ಎಲ್ಲರೂ ಬರೆದುಕೊಳ್ಳುವುದು ತೀರ ಕಡಿಮೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರಿಗೊಂದು ಹಾಳೆ, ಇನ್ನೊಬ್ಬರಿಗೊಂದು ಹಾಳೆ ಕೊಡುತ್ತಾರೆ. ನನ್ನ ಹಾಳೆಯಲ್ಲಿ ರೈಲು ಹೊರಡುವ ಸಮಯ ಖಾಲಿ ಇರುತ್ತದೆ, ಎದುರಿಗಿರುವವರ ಹಾಳೆಯಲ್ಲಿ ಅದು ಬರೆದಿರುತ್ತದೆ. ಕೇಳಿಯೇ ತಿಳಿದುಕೊಳ್ಳಬೇಕು, ಹಾಳೆ ಇಣುಕುವಂತಿಲ್ಲ. ಹೀಗೆ ಕುಳಿತಾಗ ಎದುರಿಗಿರುವವರಿಗೆ ಇಪ್ಪತ್ತೋ ಐವತ್ತೋ ಎಂಬುದು ಮರೆತುಹೋಗುತ್ತದೆ. ಅವರೂ ನಮ್ಮಷ್ಟೇ ತಡವರಿಸುತ್ತಾ, ಪ್ರಶ್ನೆಯ ಕೊನೆಯ ಪ್ರತ್ಯಯ ಯಾವುದೆಂದು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ನನ್ನ ಬ್ಯಾಚಿನ ಹುಡುಗರು ಮೊದಲ ವಾರ ನನ್ನನ್ನು "ಸರ್" ಎಂದು ಕರೆದು ದೂರವಿದ್ದರು, ಹೋಮ್‌ವರ್ಕ್ ಹಂಚಿಕೊಳ್ಳತೊಡಗಿದ ಮೇಲೆ ಆ ದೂರ ಉಳಿಯಲಿಲ್ಲ.

ಮಾತನಾಡುವ ಸಂಕೋಚಕ್ಕೆ ಬೇರೆಯದೇ ಕಾರಣವಿದೆ ಎಂದು ನನಗನ್ನಿಸುತ್ತದೆ. ದೊಡ್ಡವರಾದ ನಾವು ನಮ್ಮ ಭಾಷೆಯಲ್ಲಿ ಯಾವ ವಿಷಯವನ್ನಾದರೂ ಅಳೆದು ತೂಗಿ ಹೇಳಬಲ್ಲವರು. ಹೊಸ ಭಾಷೆಯಲ್ಲಿ "ಇದು ನನ್ನ ಚೀಲ, ಅದು ನಿಮ್ಮ ಕೊಡೆ" ಎಂಬ ಮಟ್ಟಕ್ಕೆ ಇಳಿದು ಮಾತನಾಡಬೇಕಾಗಿ ಬಂದಾಗ, ಹೇಳಬೇಕೆಂದಿರುವುದಕ್ಕೂ ಹೇಳಲು ಬರುವುದಕ್ಕೂ ಇರುವ ಅಂತರ ಮನಸ್ಸನ್ನು ಚುಚ್ಚುತ್ತದೆ. ಇಪ್ಪತ್ತರ ಹುಡುಗನಿಗೆ ಆ ಅಂತರ ಅಷ್ಟಾಗಿ ತಟ್ಟುವುದಿಲ್ಲ. ಇದಕ್ಕೆ ನನಗೆ ನೆರವಾದ ಉಪಾಯವೆಂದರೆ, ಕನ್ನಡದಲ್ಲಿ ವಾಕ್ಯ ಕಟ್ಟಿಕೊಂಡು ಅದನ್ನು ಪರಭಾಷೆಗೆ ತಿರುಗಿಸಲು ಹೊರಡದೆ, ಆ ಭಾಷೆಯಲ್ಲಿ ನನಗೆ ಈಗಾಗಲೇ ಬರುವ ವಾಕ್ಯಗಳಿಂದ ಏನು ಹೇಳಬಹುದೋ ಅಷ್ಟನ್ನೇ ಹೇಳುವುದು. ವಾಕ್ಯ ಚಿಕ್ಕದಾಗಿದ್ದರೂ ಪೂರ್ಣವಾಗಿರುತ್ತದೆ, ಎದುರಿಗಿರುವವರು ಉತ್ತರ ಕೊಡುತ್ತಾರೆ, ಮಾತು ಮುಂದುವರಿಯುತ್ತದೆ.

ಯಾರೂ ಹೇಳದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರದ ಧ್ವನಿಗಳನ್ನು. ಸ, ಫ ಇತ್ಯಾದಿ ವ್ಯಂಜನಗಳು ಆ ಗುಂಪಿಗೆ ಸೇರುತ್ತವೆ. ಮಾತೃಭಾಷೆಯಲ್ಲಿ ಸಂದರ್ಭದಿಂದ ಊಹಿಸಿಬಿಡುತ್ತೇವೆ, ಆದ್ದರಿಂದ ಗೊತ್ತಾಗುವುದಿಲ್ಲ. ಹೊಸ ಭಾಷೆಯಲ್ಲಿ ಊಹೆಗೆ ಆಧಾರವೇ ಇರುವುದಿಲ್ಲ. ಗದ್ದಲದ ಕೋಣೆಯ ಕೊನೆಯ ಸಾಲಿನಲ್ಲಿ ಕುಳಿತು ಗೋಡೆಯ ಮೇಲಿನ ಸ್ಪೀಕರ್‌ನಿಂದ ಬರುವ ಸಂಭಾಷಣೆ ಅರ್ಥವಾಗದಿದ್ದರೆ ಅದನ್ನು ಬುದ್ಧಿಶಕ್ತಿಯ ಲೆಕ್ಕಕ್ಕೆ ಹಾಕಬೇಡಿ. ಮುಂದಿನ ಸಾಲಿನಲ್ಲಿ, ಶಿಕ್ಷಕರ ತುಟಿ ಕಾಣುವಲ್ಲಿ ಕುಳಿತುಕೊಳ್ಳಿ, ಅದೇ ಧ್ವನಿಮುದ್ರಣವನ್ನು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳಿ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳುವುದರಲ್ಲೂ ತಪ್ಪಿಲ್ಲ.

ಕಿವಿಗೆ ಹೊಸ ಧ್ವನಿಯನ್ನು ಈ ವಯಸ್ಸಿನಲ್ಲೂ ಕಲಿಸಬಹುದು. ಜಪಾನಿ ಮಾತನಾಡುವ ವಯಸ್ಕರಿಗೆ ಇಂಗ್ಲಿಷ್‌ನ ರ ಮತ್ತು ಲ ಧ್ವನಿಗಳ ಭೇದ ಕೇಳಿಸುವುದೇ ಕಷ್ಟ. ಹಲವು ಬೇರೆ ಬೇರೆ ಜನರ ಧ್ವನಿಯಲ್ಲಿ ಆ ಪದಗಳನ್ನು ಕೇಳಿಸಿ, ಸರಿಯೋ ತಪ್ಪೋ ಎಂದು ಒಡನೆಯೇ ತಿಳಿಸುತ್ತಾ ತರಬೇತಿ ಕೊಟ್ಟರೆ ಅವರು ಸುಧಾರಿಸುತ್ತಾರೆ ಎಂಬುದನ್ನು 1990ರ ದಶಕದ ಪ್ರಯೋಗಗಳು ತೋರಿಸಿವೆ, ಕೇಳುವ ತರಬೇತಿಯಿಂದ ಅವರ ಉಚ್ಚಾರಣೆಯೂ ಉತ್ತಮಗೊಂಡಿತು. ಇದರಿಂದ ನಾನು ಕಲಿತ ಪಾಠವೆಂದರೆ ಒಬ್ಬರೇ ಶಿಕ್ಷಕರ ಧ್ವನಿಗೆ ಒಗ್ಗಿಕೊಂಡು ಕೂರಬಾರದು. ಹೆಂಗಸರು, ಗಂಡಸರು, ಮುದುಕರು, ಮಕ್ಕಳು ಎಲ್ಲರ ಮಾತನ್ನೂ ಕೇಳಬೇಕು.

ಉತ್ತರ 3 (ಮನೆಯಲ್ಲೇ ಫ್ರೆಂಚ್ ಕಲಿತವರು)

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಒಪ್ಪುತ್ತಲೇ, ತರಗತಿಯೇ ಎಲ್ಲಕ್ಕೂ ಉತ್ತರವೆಂದು ನೀವು ತಿಳಿಯಬಾರದೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಒಂದು ಲೆಕ್ಕ ಹಾಕಿ ನೋಡಿ. 90 ನಿಮಿಷದ ತರಗತಿ, 12 ಜನ ವಿದ್ಯಾರ್ಥಿಗಳು. ಎಲ್ಲರೂ ಸರದಿಯಲ್ಲಿ ಶಿಕ್ಷಕರ ಎದುರು ಮಾತನಾಡುವುದಾದರೆ, ಶಿಕ್ಷಕರು ತಾವು ಒಂದೂ ಮಾತಾಡದಿದ್ದರೂ, ನಿಮ್ಮ ಪಾಲಿಗೆ ಬರುವುದು ಏಳೂವರೆ ನಿಮಿಷ. ಜೋಡಿಯಾಗಿ ಕೂರಿಸಿದರೆ ಮಾತಿನ ಅವಕಾಶ ಹೆಚ್ಚುತ್ತದೆ, ಆದರೆ ಆಗ ನಿಮ್ಮ ತಪ್ಪನ್ನು ತಿದ್ದಬೇಕಾದವರಿಗೂ ನಿಮ್ಮಷ್ಟೇ ಭಾಷೆ ಗೊತ್ತಿರುತ್ತದೆ. ಅರ್ಥವಾದದ್ದನ್ನೇ ಮತ್ತೊಮ್ಮೆ ಕೇಳುತ್ತಾ ಕೂರಬೇಕಾದ ದಿನಗಳಿರುತ್ತವೆ, ಅರ್ಥವಾಗುವ ಮುನ್ನವೇ ಪಾಠ ಮುಂದಕ್ಕೆ ಹೋಗುವ ದಿನಗಳೂ ಇರುತ್ತವೆ. ಅದೇ ಶುಲ್ಕದ ಒಂದು ಭಾಗವನ್ನು ಆನ್‌ಲೈನ್‌ನಲ್ಲಿ ಒಬ್ಬರೇ ಶಿಕ್ಷಕರ ಜೊತೆ ವಾರಕ್ಕೊಂದು ಗಂಟೆ ಮಾತನಾಡುವುದಕ್ಕೆ ಬಳಸಿದರೆ ಆ ಗಂಟೆ ಪೂರ್ತಿ ನಿಮ್ಮದಾಗುತ್ತದೆ.

ಹಾಗೆಂದು ಆ್ಯಪ್ ಒಂದೇ ಸಾಕೆಂದು ನಾನು ಹೇಳುವುದಿಲ್ಲ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಬೆರಳಿನಿಂದ ಒತ್ತುವುದಕ್ಕೂ, ಏನೂ ಕಣ್ಣ ಮುಂದಿಲ್ಲದೆ ಒಂದು ವಾಕ್ಯವನ್ನು ಬಾಯಿಂದ ಹೊರಡಿಸುವುದಕ್ಕೂ ಅಜಗಜಾಂತರ. ಮೊದಲ ಹಂತಕ್ಕೆ ಶಾಲೆಗೆ ಹೋಗುವುದೇ ಒಳ್ಳೆಯದೆಂದು ನನಗೂ ಅನ್ನಿಸುತ್ತದೆ. ಯಾವುದನ್ನು ಮೊದಲು, ಯಾವುದನ್ನು ನಂತರ ಕಲಿಯಬೇಕೆಂಬ ಕ್ರಮವನ್ನು ಬೇರೊಬ್ಬರು ಹಾಕಿಕೊಡುತ್ತಾರೆ, ಉಚ್ಚಾರಣೆ ಬೇರೂರುವ ಮುನ್ನವೇ ತಿದ್ದುತ್ತಾರೆ, ದಣಿದ ಸಂಜೆಯಲ್ಲೂ ಎದ್ದು ಹೋಗಬೇಕೆಂಬ ಕಟ್ಟುಪಾಡು ಇರುತ್ತದೆ. ಒಬ್ಬರೇ ಕಲಿಯುವವರನ್ನು ಸೋಲಿಸುವುದು ಸಾಮಾನ್ಯವಾಗಿ ವ್ಯಾಕರಣವಲ್ಲ, ಈ ಕಟ್ಟುಪಾಡು ಇಲ್ಲದಿರುವುದು.

ಆದರೆ ನಿಮ್ಮ ಮುಖ್ಯ ಗುರಿ ಪುಸ್ತಕ ಓದುವುದು ಎಂದಿರಿ, ಅದಕ್ಕೆ ತರಗತಿ ಮಾಡುವ ಸಹಾಯ ಬಹಳ ಕಡಿಮೆ. ನಿಘಂಟಿನ ನೆರವಿಲ್ಲದೆ ಸರಾಗವಾಗಿ ಓದಬೇಕಾದರೆ ಪುಟದಲ್ಲಿರುವ ಪದಗಳಲ್ಲಿ ನೂರಕ್ಕೆ 98ರಷ್ಟು ಮೊದಲೇ ಗೊತ್ತಿರಬೇಕೆಂಬುದು ಇಂಗ್ಲಿಷ್ ಓದನ್ನು ಕುರಿತ ಪೌಲ್ ನೇಷನ್ ಅವರ ಸಂಶೋಧನೆಯಿಂದ ಬಂದ ತಿಳಿವಳಿಕೆ. ಅಂದರೆ 300 ಪದಗಳ ಪುಟದಲ್ಲಿ ಗೊತ್ತಿಲ್ಲದ ಪದಗಳು ಆರಷ್ಟೇ ಇರಬೇಕು. ಹಾಗಿರುವಾಗ ನೇರವಾಗಿ ಕಾದಂಬರಿಗೆ ಕೈಹಾಕಿದರೆ ಮೊದಲ ಪುಟದಲ್ಲೇ ಉಸಿರು ಕಟ್ಟುತ್ತದೆ. ಕಲಿಯುವವರಿಗೆಂದೇ ಎ1, ಎ2, ಬಿ1 ಎಂದು ಮಟ್ಟ ಹಾಕಿ ಬರೆದ ಕಿರುಕಥೆಗಳು ಜರ್ಮನ್‌ನಲ್ಲಿ ಬೇಕಾದಷ್ಟಿವೆ, ಬಹುತೇಕ ಪುಸ್ತಕಗಳ ಜೊತೆ ಧ್ವನಿಮುದ್ರಣವೂ ಬರುತ್ತದೆ. ತರಗತಿ ಸೇರಿದ ಕೆಲವೇ ತಿಂಗಳಲ್ಲಿ ಅವುಗಳನ್ನು ಆರಂಭಿಸಿ, ಒಂದು ಮುಗಿಸಿ ಇನ್ನೊಂದು ಹಿಡಿಯಿರಿ. ಪ್ರತಿಯೊಂದು ಹೊಸ ಪದಕ್ಕೂ ನಿಘಂಟು ತೆಗೆಯಬೇಡಿ; ಕಥೆ ಮುಂದುವರಿಯಲು ಅಡ್ಡಿಯಾದ ಪದವನ್ನು ಮಾತ್ರ ನೋಡಿ, ಮತ್ತೆ ಮತ್ತೆ ಎದುರಾಗುವ ಪದವನ್ನು ಮಾತ್ರ ಕಾರ್ಡಿಗೆ ಬರೆಯಿರಿ.

ಪ್ರಶ್ನೆ ಕೇಳಿದವರು

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ವರ್ಷದ ಕೆಲಸ ಎಂಬ ಮಾತು ನನ್ನನ್ನು ಹೆದರಿಸಬೇಕಿತ್ತು, ಆದರೆ ಅದನ್ನೋದಿ ಸಮಾಧಾನವೇ ಆಯಿತು. ಎಷ್ಟು ದಿನಕ್ಕೆ ಎಷ್ಟು ಬರಬೇಕೆಂದು ತಿಳಿಯದೆ ನನ್ನನ್ನು ನಾನೇ ಅನುಮಾನಿಸುತ್ತಿದ್ದೆ. ಅರ್ಜಿಯನ್ನು ತುಂಬಿ ಕೊಡುತ್ತೇನೆ. ಇನ್ನೆರಡು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ. ವರ್ಷಾಂತ್ಯದ ಲೆಕ್ಕ ಮುಗಿಸುವ ಸಮಯದಲ್ಲಿ ನನಗೆ ಸಂಜೆಗಳು ಸಿಗುವುದಿಲ್ಲ, ಮೂರ್ನಾಲ್ಕು ವಾರ ತರಗತಿ ತಪ್ಪುವುದು ಖಚಿತ, ಆಮೇಲೆ ಹಿಡಿದುಕೊಳ್ಳಲಾಗುತ್ತದೆಯೇ? ಹಾಗೆಯೇ, ಪ್ರಮಾಣಪತ್ರದ ಅಗತ್ಯವಿಲ್ಲದ ನನ್ನಂಥವರು ಪರೀಕ್ಷೆ ಬರೆಯಬೇಕೇ?

ಉತ್ತರ 1 (ಜರ್ಮನ್ ಶಿಕ್ಷಕಿ)

ಮೇಡಂ, ಕೆಲಸದಲ್ಲಿರುವವರಿಗೆ ತರಗತಿ ತಪ್ಪುವುದು ಸಹಜ, ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಬಿಡುವುದೂ ಆ ಹೊತ್ತಿನಲ್ಲೇ. ಎರಡು ವಾರ ತಪ್ಪಿಸಿಕೊಂಡವರು ಮೂರನೆಯ ವಾರ ನಾಚಿಕೆಯಿಂದ ಬರುವುದಿಲ್ಲ, ನಾಲ್ಕನೆಯ ವಾರದ ಹೊತ್ತಿಗೆ ಬಿಟ್ಟಂತೆಯೇ ಆಗಿರುತ್ತದೆ. ನಿಮಗೆ ಯಾವ ವಾರಗಳು ಎಂಬುದು ಮೊದಲೇ ಗೊತ್ತಿರುವುದು ದೊಡ್ಡ ಅನುಕೂಲ. ಸೇರುವ ದಿನವೇ ಶಿಕ್ಷಕರಿಗೆ ತಿಳಿಸಿ, ಆ ವಾರಗಳಲ್ಲಿ ಪಠ್ಯಪುಸ್ತಕದ ಯಾವ ಪಾಠಗಳು ನಡೆಯುತ್ತವೆಂದು ಕೇಳಿಟ್ಟುಕೊಳ್ಳಿ. ಬಿಡುವಿಲ್ಲದ ದಿನಗಳಲ್ಲಿ ಹೊಸದನ್ನು ಕಲಿಯಲು ಹೋಗದೆ ಕಾರ್ಡುಗಳನ್ನು ಹತ್ತು ನಿಮಿಷ ತಿರುವಿ, ಪಾಠದ ಧ್ವನಿಮುದ್ರಣವನ್ನು ಓಡಾಡುವಾಗ ಕೇಳಿ. ತಪ್ಪಿದ ಪಾಠಗಳಲ್ಲಿ ಪದಪಟ್ಟಿಗಿಂತ ವ್ಯಾಕರಣದ ಪುಟವನ್ನೇ ಮೊದಲು ನೋಡಿ. ಪದಗಳು ಮುಂದಿನ ಪಾಠಗಳಲ್ಲಿ ಮತ್ತೆ ಬರುತ್ತವೆ. ಕರ್ಮಪದದ ಮುಂದೆ ಲಿಂಗಸೂಚಕ ಹೇಗೆ ಬದಲಾಗುತ್ತದೆ ಎಂಬುದನ್ನು ತಪ್ಪಿಸಿಕೊಂಡರೆ ಆಮೇಲಿನ ಪ್ರತಿ ವಾಕ್ಯದಲ್ಲೂ ಅದು ಎಡವಿಸುತ್ತದೆ. ಕನ್ನಡದಲ್ಲಿ "ಪುಸ್ತಕವನ್ನು", "ಪುಸ್ತಕಕ್ಕೆ" ಎಂದು ಪದದ ಕೊನೆಯಲ್ಲಿ ಆಗುವ ಬದಲಾವಣೆ ಜರ್ಮನ್‌ನಲ್ಲಿ ಹೆಚ್ಚಾಗಿ ಪದದ ಮುಂದಿನ ಆ ಸೂಚಕದಲ್ಲಿ ಆಗುತ್ತದೆ ಎಂದು ನೆನಪಿಟ್ಟುಕೊಂಡರೆ ಆ ಪಾಠವನ್ನು ನೀವೇ ಓದಿಕೊಳ್ಳಬಹುದು. ಹಾಗೆಯೇ "ಏಕೆಂದರೆ" ಎಂಬಂಥ ಪದದಿಂದ ಆರಂಭವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವ ನಿಯಮ ಇಂಗ್ಲಿಷ್ ಬಲ್ಲವರನ್ನು ಬಹಳ ದಿನ ಕಾಡುತ್ತದೆ. ಕ್ರಿಯಾಪದವನ್ನು ಕೊನೆಗೇ ಇಟ್ಟು ಬೆಳೆದ ನಮಗೆ ಅದು ಬೇಗ ಒಗ್ಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಎ1 ಪ್ರಮಾಣಪತ್ರ ವೀಸಾ ಮುಂತಾದವಕ್ಕೆ ಬೇಕಾದವರಿಗೆ ಅಗತ್ಯ, ನಿಮಗೆ ಅಲ್ಲ. ಆದರೆ ಅದರ ಮಾತಿನ ಭಾಗವನ್ನು ಅಭ್ಯಾಸಕ್ಕಾಗಿ ಬಳಸಿಕೊಳ್ಳಿ, ಮಾದರಿ ಪ್ರಶ್ನೆಪತ್ರಿಕೆಗಳು ಗೋಥೆ ಇನ್‌ಸ್ಟಿಟ್ಯೂಟ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆ ಭಾಗದಲ್ಲಿ ಕೆಲವು ಅಭ್ಯರ್ಥಿಗಳು ಒಟ್ಟಿಗೆ ಕುಳಿತು, ಮೊದಲು ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ನಂತರ ಒಂದು ಪದವಿರುವ ಕಾರ್ಡನ್ನು ಎತ್ತಿಕೊಂಡು, ಆ ಪದ ಬರುವಂತೆ ಪಕ್ಕದವರಿಗೆ ಒಂದು ಪ್ರಶ್ನೆ ಕೇಳಬೇಕು, ಅವರು ಉತ್ತರಿಸಬೇಕು. ಕೊನೆಗೆ ಚಿತ್ರವಿರುವ ಕಾರ್ಡು ನೋಡಿ ಏನಾದರೊಂದನ್ನು ವಿನಂತಿಸಿಕೊಳ್ಳಬೇಕು. ನಿಮ್ಮ ಬ್ಯಾಚಿನ ಮೂವರು ಸೇರಿದರೆ ಇದನ್ನು ಯಾವ ಸಂಜೆ ಬೇಕಾದರೂ ಮಾಡಬಹುದು. ಬಿ1 ಹಂತ ಮುಟ್ಟಿದಾಗ ನಿಜವಾದ ಪರೀಕ್ಷೆಗೆ ಕೂರಿ ಎಂದು ಸಲಹೆ ಕೊಡುತ್ತೇನೆ. ಅಲ್ಲಿ ಓದು, ಆಲಿಸುವಿಕೆ, ಬರಹ, ಮಾತು ನಾಲ್ಕನ್ನೂ ಬೇರೆ ಬೇರೆಯಾಗಿ ತೆಗೆದುಕೊಳ್ಳಬಹುದು, ಪ್ರತಿಯೊಂದರಲ್ಲೂ 100ಕ್ಕೆ 60 ಬಂದರೆ ಉತ್ತೀರ್ಣ. ನಿಮ್ಮ ಎರಡು ಗುರಿಗಳಾದ ಓದು ಮತ್ತು ಮಾತಿನ ಭಾಗಗಳನ್ನಷ್ಟೇ ಬರೆದರೂ, ಎಲ್ಲಿದ್ದೀರಿ ಎಂಬುದನ್ನು ನಿಮ್ಮನ್ನು ಅರಿಯದವರೊಬ್ಬರು ನಿಷ್ಪಕ್ಷಪಾತವಾಗಿ ಹೇಳಿದಂತಾಗುತ್ತದೆ. ಶಿಕ್ಷಕಿಯಾಗಿ ನಾನು ಕೊಡುವ ಪ್ರೋತ್ಸಾಹ ಆ ಕೆಲಸ ಮಾಡಲಾರದು.

ತರಗತಿ ಆರಂಭವಾಗುವ ಮುನ್ನ ಏನಾದರೂ ಮಾಡಬೇಕೆಂದಿದ್ದರೆ ಎರಡನ್ನು ಅಭ್ಯಾಸ ಮಾಡಿಕೊಳ್ಳಿ. ಕನ್ನಡದಲ್ಲಿ ಇಲ್ಲದ ಒಂದು ಸ್ವರವಿದೆ, ಯು ಅಕ್ಷರದ ಮೇಲೆ ಎರಡು ಚುಕ್ಕೆ ಇಟ್ಟು ಬರೆಯುತ್ತಾರೆ. ದೀರ್ಘವಾಗಿ "ಈ" ಎನ್ನುತ್ತಾ, ನಾಲಿಗೆಯನ್ನು ಕದಲಿಸದೆ, ತುಟಿಗಳನ್ನು ಮಾತ್ರ "ಊ" ಎನ್ನುವಂತೆ ದುಂಡಗೆ ಮಾಡಿದರೆ ಅದು ಹೊರಡುತ್ತದೆ. ಕನ್ನಡಿಯ ಮುಂದೆ ನಿಂತು ಮಾಡಿ. ಎರಡನೆಯದು ಸಂಖ್ಯೆಗಳು. ಜರ್ಮನ್‌ನಲ್ಲಿ 21ರಿಂದ 99ರವರೆಗೆ ಬಿಡಿ ಸ್ಥಾನವನ್ನು ಮೊದಲು, ಹತ್ತರ ಸ್ಥಾನವನ್ನು ನಂತರ ಹೇಳುತ್ತಾರೆ. 47 ಎಂಬುದು "ಏಳು ಮತ್ತು ನಲವತ್ತು" ಎಂದಾಗುತ್ತದೆ, ಆದ್ದರಿಂದ ಕೇಳಿಸಿಕೊಂಡಂತೆ ಬರೆಯಹೊರಟವರು ಅಂಕಿಗಳನ್ನು ಅದಲುಬದಲು ಮಾಡುತ್ತಾರೆ. ಬರಹದಲ್ಲೂ ಸಾವಿರದ ಗುಂಪುಗಳ ನಡುವೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ ಬಳಸುವುದರಿಂದ, 1.250,75 ಎಂದು ಬರೆದಿದ್ದರೆ ಅದನ್ನು ಸಾವಿರದ ಇನ್ನೂರೈವತ್ತು ಮತ್ತು ಮುಕ್ಕಾಲು ಎಂದು ಓದಬೇಕು. ಲೆಕ್ಕಪತ್ರದಲ್ಲಿ ಪಳಗಿದ ನಿಮಗೆ ಈ ಭಾಗ ಬೇಗ ಕೈಹಿಡಿಯುತ್ತದೆ. ಎರಡಂಕಿಯ ಸಂಖ್ಯೆಗಳನ್ನು ಯಾರಿಂದಾದರೂ ಹೇಳಿಸಿಕೊಂಡು ಅಥವಾ ಧ್ವನಿಮುದ್ರಣ ಹಾಕಿಕೊಂಡು, ಹೇಳಿ ಮುಗಿಸುವ ಮುನ್ನ ಪೆನ್ನು ಎತ್ತದೆ, ಪೂರ್ತಿ ಕೇಳಿದ ಮೇಲೆ ಬರೆಯುವುದನ್ನು ರೂಢಿ ಮಾಡಿಕೊಳ್ಳಿ.